ಓರ್ಕಾದ ಬಾಲಕ್ಕೆ ಬಿದ್ದ ಬಿರುಕು

ಕೆನಡಾದ ಒಳನಾಡಿನ ಕ್ಯಾಲ್ಗರಿಯಲ್ಲಿ ನಮ್ಮ ಎರಡನೇ ಚಳಿಗಾಲ. ರಾತ್ರಿ ಊಟ ಮುಗಿಸಿ ಕೂತಿದ್ದಾಗ ಗೋಡೆ ಕಡೆಯಿಂದ ಒಣಸೌದೆ ಮುರಿದ ಹಾಗೆ 'ಟಕ್' ಅಂತ ಸದ್ದಾಯಿತು. ಹೀಟರ್ ಇರಬೇಕು ಅಂದುಕೊಂಡು ಸುಮ್ಮನಾದೆವು. ಮೂರು ದಿನ ಬಿಟ್ಟು ಧೂಳು ಒರೆಸಲು ಹೋದ ಹೆಂಡತಿ ಕೂಗಿದಳು, "ರೀ, ಬನ್ನಿ ಇಲ್ಲಿ. ನಿಮ್ಮ ಮೀನು ಸೀಳಿದೆ."

ಅದು ಮೀನಲ್ಲ, ಓರ್ಕಾ ಎಂಬ ತಿಮಿಂಗಿಲ ಜಾತಿಯ ಕಡಲಪ್ರಾಣಿ. 92 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಮೂರೂವರೆ ಸೆಂ.ಮೀ. ದಪ್ಪದ ಕೆಂಪು ಸೀಡರ್ ಹಲಗೆಯಲ್ಲಿ ಕೆತ್ತಿ ಕಪ್ಪು, ಕೆಂಪು, ಹಸಿರು ಬಳಿದದ್ದು. ಎಂಟು ವರ್ಷದ ಹಿಂದೆ ವ್ಯಾಂಕೂವರಿನಲ್ಲಿ ಮೊದಲ ಬೋನಸ್ ಬಂದಾಗ ಕೊಂಡಿದ್ದು. ಕೆತ್ತಿದವರು ಕೆನಡಾದ ಮೂಲನಿವಾಸಿಗಳಾದ ಕ್ವಾಕ್ವಕ್ಯವಾಕ್ವ್ ಜನಾಂಗದ ಹಿರಿಯರೊಬ್ಬರು. ವ್ಯಾಂಕೂವರ್ ದ್ವೀಪದ ಉತ್ತರ ಭಾಗ ಮತ್ತು ಅದರ ಎದುರಿನ ಕರಾವಳಿ ಇವರ ನೆಲ. ಆ ಹೆಸರಿಗೆ 'ಕ್ವಾಕ್ವಲಾ ಮಾತಾಡುವವರು' ಎಂದೇ ಅರ್ಥ. ಹಲಗೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಅವರ ಸಹಿ, ಜನಾಂಗದ ಹೆಸರು, ಇಸವಿ ಇವೆ.

ಬಾಲದ ತುದಿಯಿಂದ ಹೊರಟ ಬಿರುಕು 19 ಸೆಂ.ಮೀ. ಒಳಗೆ ಹೋಗಿತ್ತು. ತುದಿಯಲ್ಲಿ ಬಾಯಿ 2.1 ಮಿ.ಮೀ. ಮೊದಲು ಕಪ್ಪು ಗೆರೆಯ ಕೆಳಅಂಚನ್ನೇ ಹಿಡಿದು ಸಾಗಿ, ಆಮೇಲೆ ಬಾಲದೊಳಗಿನ ಕೆಂಪು 'ಯು' ಆಕಾರವನ್ನು ಕತ್ತರಿಸಿಕೊಂಡು ಹೋಗಿ, ಎಲ್ಲಿ ಮುಗಿಯಿತು ಅಂತ ಬರಿಗಣ್ಣಿಗೆ ಗೊತ್ತಾಗದಷ್ಟು ಸಣ್ಣಗಾಗಿ ನಿಂತಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗಲೇ ಅದರ ಕೊನೆ ಕಂಡದ್ದು.

ಮೊದಲ ತಪ್ಪು ನನ್ನದೇ

ರಿಪೇರಿಗೆ ಮುಂಚೆ ಚೊಕ್ಕ ಮಾಡೋಣ ಅಂತ ಕಿವಿ ಕಡ್ಡಿಗೆ ಗಾಜು ಒರೆಸುವ ದ್ರವ ಹಾಕಿ ಬಾಲದ ಅಂಚಿಗೆ ತೀಡಿದೆ. ಎರಡನೇ ಸಲಕ್ಕೆ ಹತ್ತಿಯೆಲ್ಲ ಕಪ್ಪು. ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ, ಆದರೆ ಆಲ್ಕೋಹಾಲ್, ಅಮೋನಿಯಾ ತಾಗಿದರೆ ಮೆತ್ತಗಾಗುತ್ತದೆ. ಗಾಜಿನ ದ್ರವದಲ್ಲಿ ಇರುವುದು ಸಾಮಾನ್ಯವಾಗಿ ಅವೇ. ಈ ಹಲಗೆಗೆ ಮೇಲೆ ವಾರ್ನಿಷ್ ಕೂಡ ಇರಲಿಲ್ಲ. ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕಪ್ಪು ಮಂಕಾಯಿತು. ಬಿರುಕು ಕೊಟ್ಟ ಸಂಕಟಕ್ಕಿಂತ ಇದು ಕೊಟ್ಟದ್ದು ಹೆಚ್ಚು. ಬಿರುಕಿಗಾದರೆ ಹವೆಯನ್ನು ಬೈಯಬಹುದಿತ್ತು.

ಅಲ್ಲಿಗೆ ಕೈ ತೆಗೆದೆ. ಮಾರ್ಚಿನಲ್ಲಿ ಹೇಗೂ ವ್ಯಾಂಕೂವರ್ ಪಕ್ಕದ ಬರ್ನಬಿಗೆ ವಾಪಸ್ ಹೋಗುವುದಿತ್ತು. ಹಲಗೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ರಾಕಿ ಬೆಟ್ಟ ದಾಟಿಸಿದೆ.

ಬೆನ್ನು ತಿರುಗಿಸಿದಾಗ ಕಂಡದ್ದು

ಸೀಡರ್ ಅಂದರೆ ದೇವದಾರು ಅಂತ ನಿಘಂಟು ಹೇಳುತ್ತದೆ. ಇದು ಅದಲ್ಲ. ಹಿಮಾಲಯದ ದೇವದಾರು ಪೈನ್ ಬಳಗದ್ದು, ಇದು ಸೈಪ್ರೆಸ್ ಬಳಗದ ತೂಜಾ ಪ್ಲಿಕಾಟಾ. ತೇಗದ ಅರ್ಧಕ್ಕಿಂತ ತುಸು ಹೆಚ್ಚು ತೂಕ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದು. ಆದರೆ ಇದರ ಚೇಗಿನಲ್ಲಿ ಬೂಷ್ಟು ಹತ್ತಗೊಡದ ರಾಸಾಯನಿಕಗಳಿವೆ. ಹಾಗಾಗಿಯೇ ಮಳೆ ಬಿಡದ ಆ ಕರಾವಳಿಯಲ್ಲಿ ಮನೆ, ದೋಣಿ, ಪೆಟ್ಟಿಗೆ, ಕಂಬ ಎಲ್ಲವೂ ಇದರದ್ದೇ. ಎಳೆ ಎಷ್ಟು ನೇರವೆಂದರೆ ಗರಗಸ ಬರುವ ಮೊದಲು ನಿಂತ ಮರಕ್ಕೇ ಬೆಣೆ ಹೊಡೆದು ಹಲಗೆ ಸೀಳಿ ತೆಗೆಯುತ್ತಿದ್ದರು. ಮರ ಬದುಕಿಯೇ ಇರುತ್ತಿತ್ತು. ಸೀಳಲು ಇಷ್ಟು ಸಲೀಸಾದ ಮರ ತಾನಾಗಿಯೂ ಸೀಳಿಕೊಳ್ಳುತ್ತದೆ ಅನ್ನುವುದು ನನಗೆ ಹೊಳೆಯದೇ ಹೋಗಿತ್ತು.

ಬೆನ್ನಿನ ತುಂಬ ಬಾಚಿಯ ಗುರುತು. ಕೈಬೆರಳಿನಗಲದ ಸಣ್ಣ ಸಣ್ಣ ತಗ್ಗುಗಳು, ಸಾಲು ಹಿಡಿದು, ಒಂದೇ ಲಯದಲ್ಲಿ. ಕೆತ್ತಿದವರು ನಡುವೆ ಸ್ವಲ್ಪ ತೋಡಿ ತೆಳುವಾಗಿಸಿದ್ದರು. ನಾನು ಸಾಗರದವನು, ಮನೆ ಹಿಂದೆ ಗುಡಿಗಾರರ ಮನೆಯಿತ್ತು, ಬಾಚಿ ಉಳಿ ಸದ್ದು ಕೇಳಿಕೊಂಡೇ ಬೆಳೆದವನು. ಹಾಗಾಗಿ ಆ ಸಾಲು ನೋಡಿ ಒಂದು ನಿಮಿಷ ಖುಷಿಯಾಯಿತು. ಆ ಖುಷಿ ಅಷ್ಟಕ್ಕೇ. ಕ್ಯಾಲ್ಗರಿಗೆ ಹೋಗುವ ಮುಂಚೆ ತೂಗುಹಾಕಲು ಅನುಕೂಲವಾಗಲಿ ಅಂತ ಒಂದು ಫ್ರೇಮ್ ಅಂಗಡಿಗೆ ಕೊಟ್ಟಿದ್ದೆ. ಅವರು ಎರಡು ಕಡೆ ಆ ಸಾಲುಗಳನ್ನು ಸಪಾಟಾಗಿ ಹೆರೆದು, ಗಟ್ಟಿಮರದ ಎರಡು ಅಡ್ಡಪಟ್ಟಿ ಇಟ್ಟು, ಅಂಟು ಹಾಕಿ, ಮೇಲೆ ನಾಲ್ಕು ನಾಲ್ಕು ಕಬ್ಬಿಣದ ಸ್ಕ್ರೂ ಬಿಗಿದಿದ್ದರು. ಮೂರು ಕಿಲೋ ಚಿಲ್ಲರೆ ತೂಗುವ ಹಲಗೆಗೆ ಬಾಗಿಲಿಗೆ ಹಾಕುವಂಥ ಪಟ್ಟಿ! 'ಹಲಗೆ ಬಾಗದಿರಲಿ ಅಂತ' ಎಂದು ಆಗ ಹೇಳಿದ್ದರು. ನಾನೂ ತಲೆಯಾಡಿಸಿ ದುಡ್ಡು ಕೊಟ್ಟು ಬಂದಿದ್ದೆ.

ಬಿರುಕಿನ ಮೂಲ ಅಲ್ಲಿದೆ. ಮರ ಎಳೆಗುಂಟ ಹಿಗ್ಗುವುದು ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಅಗಲದಲ್ಲಿ ಮಾತ್ರ ಆಡುತ್ತದೆ. ಬರ್ನಬಿಯ ನಮ್ಮ ನಡುಮನೆಯಲ್ಲಿ ಗಾಳಿಯ ತೇವಾಂಶ ಶೇ 50ರ ಆಸುಪಾಸು. ಅಲ್ಲಿ ಮರದೊಳಗೆ ತೂಕದ ಶೇ 9ರಷ್ಟು ನೀರು ನಿಲ್ಲುತ್ತದೆ. ಕ್ಯಾಲ್ಗರಿಯಲ್ಲಿ ಜನವರಿಯಲ್ಲಿ ನಮ್ಮ ಮೀಟರ್ ತೋರಿಸುತ್ತಿದ್ದದ್ದು ಶೇ 18. ಅಲ್ಲಿ ಮರದಲ್ಲಿ ಉಳಿಯುವುದು ಶೇ 4. ಆ ಐದು ಅಂಕಿಯ ಇಳಿತಕ್ಕೆ ಕೆಂಪು ಸೀಡರಿನ 30 ಸೆಂ.ಮೀ. ಅಗಲದ ಹಲಗೆ ಕೊಯ್ದ ರೀತಿ ನೋಡಿಕೊಂಡು 1.7ರಿಂದ 3.5 ಮಿ.ಮೀ. ವರೆಗೆ ಕುಗ್ಗಬೇಕು. ನನ್ನ ಹಲಗೆಯ ತುದಿಯಲ್ಲಿ ವರ್ಷಬಳೆಗಳು ಓರೆಯಾಗಿವೆ, ಅಂದರೆ ನಡುವಿನ ಲೆಕ್ಕ, ಎರಡೂವರೆ ಮಿ.ಮೀ. ಇಟ್ಟುಕೊಳ್ಳಿ. ಪಟ್ಟಿಗಳು ಅದನ್ನು ಬಿಡಲಿಲ್ಲ. ಪಟ್ಟಿಯ ಎಳೆ ಹಲಗೆಯ ಅಡ್ಡಕ್ಕೆ ಇದ್ದುದರಿಂದ ಅದು ಜಗ್ಗಲೇ ಇಲ್ಲ. ಹಲಗೆಗೆ ಸೀಳಿಕೊಳ್ಳುವುದು ಬಿಟ್ಟು ದಾರಿ ಇರಲಿಲ್ಲ.

ಫೋನು

ಅಂಟು ಕೊಳ್ಳುವ ಮುಂಚೆ ಕೆತ್ತಿದವರನ್ನು ಕೇಳಬೇಕು ಅನ್ನಿಸಿತು. ಹಲಗೆ ಕೊಂಡ ಗ್ಯಾಲರಿಗೆ ಫೋನು ಮಾಡಿ ನನ್ನ ನಂಬರ್ ಕೊಟ್ಟೆ. ನಾಲ್ಕು ದಿನಕ್ಕೆ ಕೆತ್ತಿದ ಹಿರಿಯರೇ ಮಾಡಿದರು. ನಾರ್ತ್ ವ್ಯಾಂಕೂವರಿನಲ್ಲಿ ಅವರ ಕೆಲಸದ ಶೆಡ್ಡು.

ಕೇಳುವುದು ಯಾಕೆ, ದುಡ್ಡು ಕೊಟ್ಟ ಮೇಲೆ ವಸ್ತು ನಿನ್ನದೇ ಅಲ್ಲವಾ ಅಂತ ಆಫೀಸಿನ ಗೆಳೆಯನೊಬ್ಬ ಕೇಳಿದ. ಹಲಗೆ ನನ್ನದು, ಸರಿ. ಆ ಗೆರೆಗಳ ವಿಷಯ ಬೇರೆ. ಈ ಕರಾವಳಿಯ ಜನರಲ್ಲಿ ಇಂಥ ಲಾಂಛನಗಳನ್ನು ತೋರಿಸುವ ಹಕ್ಕು ಮನೆತನದಿಂದ ಬರುತ್ತದೆ. ಪಾಟ್‌ಲ್ಯಾಚ್ ಎಂಬ ಔತಣದಲ್ಲಿ ಹೆಸರು, ಹಾಡು, ಕುಣಿತದ ಜೊತೆ ಆ ಹಕ್ಕನ್ನೂ ನೆಂಟರಿಷ್ಟರ ಎದುರು ಸಾರುತ್ತಾರೆ. ಬಂದವರಿಗೆ ಉಡುಗೊರೆ ಕೊಡುತ್ತಾರೆ, ಅವರು ಸಾಕ್ಷಿಗಳು. ಕೆನಡಾ ಸರ್ಕಾರ 1885ರಿಂದ 1951ರ ವರೆಗೆ ಅದನ್ನೇ ಅಪರಾಧ ಮಾಡಿಟ್ಟಿತ್ತು. 1921ರಲ್ಲಿ ವಿಲೇಜ್ ದ್ವೀಪದಲ್ಲಿ ಡ್ಯಾನ್ ಕ್ರ್ಯಾನ್ಮರ್ ನಡೆಸಿದ ಪಾಟ್‌ಲ್ಯಾಚಿನ ಮೇಲೆ ಕೇಸು ಹಾಕಿ, ಜನರನ್ನು ಜೈಲಿಗಟ್ಟಿ, ಮುಖವಾಡ ತಾಮ್ರಫಲಕಗಳನ್ನೆಲ್ಲ ಎತ್ತಿಕೊಂಡು ಹೋದರು. ಅವುಗಳಲ್ಲಿ ಹಿಂತಿರುಗಿ ಬಂದ ಒಂದು ಪಾಲನ್ನು ಅಲರ್ಟ್ ಬೇಯಲ್ಲಿ 1980ರಲ್ಲಿ ತೆರೆದ ಉಮಿಸ್ತಾ ಕೇಂದ್ರದಲ್ಲಿ ನೋಡಬಹುದು.

ರಿಪೇರಿಗೆ ಸಂಬಂಧಿಸಿದ ಒಂದು ಕಥೆಯೂ ಈ ಜನರಲ್ಲಿದೆ. 1950ರ ಸುಮಾರಿಗೆ ವ್ಯಾಂಕೂವರಿನ ವಿಶ್ವವಿದ್ಯಾಲಯಕ್ಕೆ ತನ್ನಲ್ಲಿದ್ದ ಹಳೇ ಟೋಟೆಮ್ ಕಂಬಗಳನ್ನು, ಅಂದರೆ ಲಾಂಛನ ಕೆತ್ತಿದ ಮರದ ಕಂಬಗಳನ್ನು ಸರಿಪಡಿಸಬೇಕಿತ್ತು. ಆ ಕೆಲಸಕ್ಕೆ ಕರೆಸಿದ್ದು ಕ್ವಾಕ್ವಕ್ಯವಾಕ್ವ್ ಶಿಲ್ಪಿ ಮುಂಗೋ ಮಾರ್ಟಿನ್ ಅವರನ್ನು. ಆಮೇಲೆ ವಿಕ್ಟೋರಿಯಾಕ್ಕೆ ಹೋಗಿ, ಹಳೇ ಕಂಬಗಳ ಪಡಿಯಚ್ಚು ಕೆತ್ತಿ, 1953ರಲ್ಲಿ ದೊಡ್ಡಮನೆ ಕಟ್ಟಿ, ನಿಷೇಧ ಎದ್ದ ಮೇಲಿನ ಮೊದಲ ಬಹಿರಂಗ ಪಾಟ್‌ಲ್ಯಾಚನ್ನು ಅದರಲ್ಲೇ ನಡೆಸಿದರು. ಹಳತನ್ನು ಮುಟ್ಟುವ ಕೈ ಯಾರದ್ದು ಅನ್ನುವ ಪ್ರಶ್ನೆ ಅಂದಿನಿಂದಲೂ ಇದೆ. ನನ್ನ ಕೈಯಲ್ಲಿದ್ದದ್ದು ಗಾಜು ಒರೆಸುವ ಸೀಸೆ.

ಹಿರಿಯರು ಎಲ್ಲ ಕೇಳಿಸಿಕೊಂಡರು. ಗಾಜಿನ ದ್ರವದ ವಿಷಯ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ಜೋರು ನಗು. ಅವರು ಹೇಳಿದ್ದು ಇಷ್ಟು: ಮುಂಭಾಗ ಮುಟ್ಟಬೇಡ, ಬೆನ್ನು ನಿನ್ನ ಕೆಲಸ, ಅವಸರ ಬೇಡ. ಪಟ್ಟಿ ತೆಗೆದು ಸುಮ್ಮನೆ ಇಡು, ಮರವೇ ಅರ್ಧ ಕೆಲಸ ಮಾಡುತ್ತದೆ.

ಪಟ್ಟಿ ಬಿಚ್ಚಿದ್ದು

ಇದಕ್ಕೆ ಎರಡು ಶನಿವಾರ ಹೋಯಿತು. ಮುಖ ಕೆಳಗೆ ಮಾಡಿ ಮಲಗಿಸಬೇಕಲ್ಲ, ಉಬ್ಬಿದ ಕಡೆ ಭಾರ ಬೀಳಬಾರದು. ಯೋಗ ಮಾಡುವ ಹಳೇ ಚಾಪೆಯಲ್ಲಿ ಕಣ್ಣಿನ, ರೆಕ್ಕೆಯ ಉಬ್ಬಿಗೆ ಸರಿಯಾಗಿ ತೂತು ಕತ್ತರಿಸಿ, ಮೇಲೆ ಹಳೇ ಪಂಚೆ ಹಾಸಿದೆ.

ಎಂಟು ಸ್ಕ್ರೂಗಳಲ್ಲಿ ಐದು ಬಂದವು. ಮೂರು ತುಕ್ಕು ಹಿಡಿದು ತಲೆ ಸವೆದಿದ್ದವು, ತಲೆಯನ್ನೇ ಬೈರಿಗೆಯಲ್ಲಿ ಕೊರೆದು ಹಾಕಿ, ಉಳಿದ ಮೊಳೆಯನ್ನು ಆಮೇಲೆ ಇಕ್ಕಳದಿಂದ ತಿರುಗಿಸಿ ತೆಗೆದೆ. ಪ್ರತಿ ತೂತಿನ ಸುತ್ತ ನೀಲಿಗಪ್ಪು ಕಲೆ, ಶಾಯಿ ಚೆಲ್ಲಿದ ಹಾಗೆ. ಸೀಡರಿನ ರಸಕ್ಕೆ ಕಬ್ಬಿಣ ತಾಗಿ ತೇವ ಸೇರಿದರೆ ಹೀಗಾಗುತ್ತದೆ. ಆಕ್ಸಾಲಿಕ್ ಆಮ್ಲ ಹಚ್ಚಿದರೆ ಹೋಗುತ್ತದೆ, ಆದರೆ ಬೆನ್ನಿನ ಕಲೆ ಯಾರಿಗೆ ಕಾಣಬೇಕು, ಬಿಟ್ಟೆ.

ಅಂಟಿದ್ದ ಪಟ್ಟಿಯನ್ನು ಮೀಟಿ ಎಬ್ಬಿಸಿದರೆ ಸೀಡರ್ ಸಿಪ್ಪೆಯ ಹಾಗೆ ಜೊತೆಗೇ ಬರುತ್ತದೆ. ಅದಕ್ಕೆ ಪಟ್ಟಿಗೆ ಬೆರಳಗಲಕ್ಕೊಂದರಂತೆ ಗರಗಸದಲ್ಲಿ ಗೀಟು ಹಾಕಿ, ಒಂದು ಮಿ.ಮೀ. ಉಳಿಯುವಷ್ಟು ಆಳಕ್ಕೆ ಕೊಯ್ದು, ಆ ತುಂಡುಗಳನ್ನು ಉಳಿಯಲ್ಲಿ ಒಂದೊಂದಾಗಿ ಹಾರಿಸಿದೆ. ಉಳಿದ ತೆಳುಪದರಕ್ಕೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟು ಹತ್ತು ಹತ್ತು ನಿಮಿಷ ಕಾದರೆ ಮರಗೆಲಸದ ಹಳದಿ ಅಂಟು ಬಿಳಿಚಿಕೊಂಡು ಮೆತ್ತಗಾಗುತ್ತದೆ. ಮೊಂಡಾದ ಬೆಣ್ಣೆಚಾಕುವಿನಲ್ಲಿ ಹೆರೆದೆ. ಎರಡು ಕಡೆ ಉಳಿಯ ಮೂಲೆ ತಾಗಿ ತಗ್ಗು ಬಿತ್ತು. ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ತಾಗಿಸಿದಾಗ ಒಂದು ಪೂರ್ತಿ ಎದ್ದಿತು, ಇನ್ನೊಂದು ಮುಕ್ಕಾಲು.

ಮಾಸ್ಕ್ ಹಾಕದೆ ಈ ಮರವನ್ನು ಉಜ್ಜಬೇಡಿ. ಇದರ ಧೂಳಿನಲ್ಲಿರುವ ಪ್ಲಿಕಾಟಿಕ್ ಆಮ್ಲದಿಂದ ಸಾಮಿಲ್ ಕೆಲಸಗಾರರಿಗೆ ಉಬ್ಬಸ ಬರುತ್ತದೆ ಅನ್ನುವುದು ಇಲ್ಲಿನ ವೈದ್ಯರಿಗೆ ಹಳೇ ಸುದ್ದಿ. ವಾಸನೆಯೇನೋ ಹಿತವಾಗಿದೆ, ಮೂಗು ಹತ್ತಿರ ಒಯ್ಯಬೇಕು ಅನ್ನಿಸುತ್ತದೆ.

ಎರಡನೇ ಪಟ್ಟಿಯ ಕೊನೆ ತುಂಡು ಹಾರಿದಾಗ ಬಿರುಕಿನ ಬಾಯಿಗೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಲೋಹದ ಪಟ್ಟಿ ಇಟ್ಟೆ. ಬೆಳಿಗ್ಗೆ 1.6 ಮಿ.ಮೀ. ಇದ್ದದ್ದು 1.1ಕ್ಕೆ ಬಂದಿತ್ತು. ಇನ್ನೂ ಅಂಟಿನ ಮುಚ್ಚಳ ಕೂಡ ತೆಗೆದಿರಲಿಲ್ಲ.

ಕಾಯುವುದು

ಆರು ವಾರ. ಹಲಗೆಯನ್ನು ಹೀಟರಿನಿಂದ ದೂರ, ಎರಡು ಮರದ ತುಂಡಿನ ಮೇಲೆ, ಎರಡೂ ಕಡೆ ಗಾಳಿಯಾಡುವ ಹಾಗೆ ಇಟ್ಟು ಭಾನುವಾರಕ್ಕೊಮ್ಮೆ ಅಳೆದೆ. 1.1, 0.9, 0.7, 0.6, 0.5, 0.5, 0.4. ಅಲ್ಲಿಗೆ ನಿಂತಿತು. ಪೂರ್ತಿ ಮುಚ್ಚಿಕೊಳ್ಳಲಿಲ್ಲ, ಒಮ್ಮೆ ಎಳೆದಾಡಿದ ಮರ ಹಳೇ ಜಾಗಕ್ಕೆ ಕರಾರುವಾಕ್ಕಾಗಿ ಬರುವುದಿಲ್ಲ. ಜನವರಿಯಲ್ಲೇ, ಬಾಯಿ 2.1 ಇದ್ದಾಗ ಸಂದಿಗೆ ಮೆತ್ತುವ ಪುಟ್ಟಿ ತುಂಬಿದ್ದರೆ ಏನಾಗುತ್ತಿತ್ತು ಯೋಚಿಸಿ. ಕರಾವಳಿಗೆ ಬಂದು ಉಬ್ಬುವಾಗ ಆ ಪುಟ್ಟಿಯೇ ಬೆಣೆಯಾಗಿ ಬಿರುಕನ್ನು ಇನ್ನಷ್ಟು ಒಳಕ್ಕೆ ಓಡಿಸುತ್ತಿತ್ತು. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಈ ಪುಟ್ಟಿ ಸಲಹೆಯೇ.

ಮೇ ತಿಂಗಳಲ್ಲಿ ಹಲಗೆ ತೋರಿಸಲು ಶೆಡ್ಡಿಗೆ ಹೋದೆ. ನೆಲದ ತುಂಬ ಸೀಡರ್ ಚಕ್ಕೆ, ಹೆಜ್ಜೆ ಇಟ್ಟರೆ ಒಣ ಅಡಿಕೆ ಸಿಪ್ಪೆಯ ಮೇಲೆ ನಡೆದ ಹಾಗೆ. ಬೆಂಚಿನ ಮೇಲೆ ಮೊಣಕೈಯಂತೆ ಬಾಗಿದ ಹಿಡಿಯ ಬಾಚಿ, ಪಕ್ಕದಲ್ಲಿ ತುದಿ ಬಾಗಿದ ಐದಾರು ಚೂರಿಗಳು. ಅವರು ಬಿರುಕಿಗಿಂತ ಮೊದಲು ಬೆನ್ನಿನ ಹೆರೆದ ಜಾಗವನ್ನೇ ಹೆಬ್ಬೆರಳಲ್ಲಿ ಸವರಿದರು. ಏನೂ ಹೇಳಲಿಲ್ಲ. ದೊಡ್ಡ ಕಂಬಗಳ ಬೆನ್ನು ತೋಡುವುದೂ ಇದಕ್ಕೇ, ತೂಕ ಇಳಿಯುತ್ತದೆ, ಸೀಳುವುದೂ ಕಡಿಮೆ ಅಂದರು. ಬಿರುಕಿಗೆ ಅಡ್ಡಲಾಗಿ ಡಮರುಗದ ಆಕಾರದ ಕೀಲಿ ಕೂರಿಸಲಾ ಅಂತ ಕೇಳಿದೆ. ಬೇಡ, ಮತ್ತೆ ಕಟ್ಟಿಹಾಕಬೇಡ ಅಂದು ನೆಲದಿಂದ ಒಂದು ಚಕ್ಕೆ ಹೆಕ್ಕಿ ಕೊಟ್ಟರು. ಉಳಿದ ಸಂದಿಗೆ ಇದನ್ನೇ ತೆಳುವಾಗಿ ಸೀಳಿ ಬೆನ್ನ ಕಡೆಯಿಂದ ಹಾಕು ಅಂತ.

ಮೀನಿನ ಅಂಟು

ಹಳದಿ ಅಂಟು ಹಾಕಿದರೆ ಗಟ್ಟಿ, ಆದರೆ ಮುಂದೆ ಯಾರಾದರೂ ಬಿಚ್ಚಬೇಕೆಂದರೆ ನಾನು ಪಟ್ಟಿಗೆ ಪಟ್ಟ ಪಾಡೇ ಅವರಿಗೂ. ಪ್ರಾಣಿಜನ್ಯ ಅಂಟು ಬೆಚ್ಚಗಿನ ನೀರಿಗೆ ಬಿಡುತ್ತದೆ. ಅದರಲ್ಲಿ ಮೀನಿನ ಚರ್ಮದಿಂದ ಮಾಡಿದ ದ್ರವದ ಅಂಟನ್ನು ಕಾಯಿಸುವುದೂ ಬೇಡ, ಬೇಗ ಬಿಗಿಯುವುದೂ ಇಲ್ಲ. ಊರಿಂದ ಬಂದಿದ್ದ ಅಮ್ಮ ಬಾಟಲಿ ಮೇಲಿನ ಮೀನಿನ ಚಿತ್ರ ನೋಡಿ, "ಅದನ್ನ ಅಡುಗೆಮನೆ ಸಿಂಕಲ್ಲಿ ತೊಳೀಬೇಡ ಮಾರಾಯ" ಅಂದರು. ಇದೇ ಕರಾವಳಿಯಲ್ಲಿ ಹಿಂದೆ ಸಾಲ್ಮನ್ ಮೀನಿನ ಮೊಟ್ಟೆಯನ್ನು ಸೀಡರ್ ತೊಗಟೆಯ ಜೊತೆ ಬಾಯಲ್ಲಿ ಅಗಿದು, ಆ ರಸಕ್ಕೆ ಇದ್ದಿಲು, ಕೆಮ್ಮಣ್ಣು ಬೆರೆಸಿ ಬಣ್ಣ ಮಾಡುತ್ತಿದ್ದರು ಅಂತ ನಾನು ಅಮ್ಮನಿಗೆ ಹೇಳಲು ಹೋಗಲಿಲ್ಲ.

ಒಣ ಪ್ರಯೋಗ ಮೊದಲು. ಬರಿಗೈಯಲ್ಲಿ ಒತ್ತಿದರೆ 0.4 ಇದ್ದದ್ದು 0.2ಕ್ಕೆ ಬರುತ್ತಿತ್ತು. ಅದಕ್ಕಿಂತ ಬಲ ಹಾಕಿ ಮುಚ್ಚಿಸಿದರೆ ಆ ಬಲ ಅಂಟಿನ ಮೇಲೇ ಸದಾ ಕೂತಿರುತ್ತದೆ, ಇನ್ನೊಂದು ಕಡೆ ಬಿರುಕು ಬರುತ್ತದೆ. ಅದಕ್ಕೆ ಕೈಬಲವೇ ಮಿತಿ ಅಂತ ಇಟ್ಟುಕೊಂಡೆ.

ಅಂಟಿಗೆ ನಾಲ್ಕು ಹನಿ ನೀರು ಬೆರೆಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬೆನ್ನ ಕಡೆಯಿಂದ ಬಿಟ್ಟು, ಹಲ್ಲು ತಿಕ್ಕುವ ಫ್ಲಾಸ್ ದಾರವನ್ನು ಸಂದಿಯಲ್ಲಿ ಹಿಂದೆ ಮುಂದೆ ಎಳೆದು ಒಳಕ್ಕೆ ತಲುಪಿಸಿದೆ. ಮುಂಭಾಗದಲ್ಲಿ ಎರಡು ಕಡೆ ಹನಿ ಮಿನುಗಿತು, ಒದ್ದೆ ಬಟ್ಟೆಯ ತುದಿಯಲ್ಲಿ ಒತ್ತಿ ತೆಗೆದೆ, ಉಜ್ಜಲಿಲ್ಲ. ಕ್ಲ್ಯಾಂಪ್ ಬದಲು ಹಳೇ ಸೈಕಲ್ ಟ್ಯೂಬನ್ನು ಪಟ್ಟಿ ಮಾಡಿ ಕಾರ್ಕ್ ತುಂಡು ಕೊಟ್ಟು ಸುತ್ತಿದೆ, ಒತ್ತಡ ಸಾಕಷ್ಟು, ಅತಿಯಾಗುವುದಿಲ್ಲ. ಒಂದೂವರೆ ದಿನ ಬಿಟ್ಟೆ. ತುದಿಯಲ್ಲಿ ಉಳಿದ ಕೂದಲೆಳೆಯ ಸಂದಿಗೆ ಅವರು ಕೊಟ್ಟ ಚಕ್ಕೆಯಿಂದ ಕಾಗದದಷ್ಟು ತೆಳ್ಳಗೆ ಸೀಳಿದ ಬೆಣೆ, ಬೆನ್ನ ಕಡೆಯಿಂದ, ಮುಖಕ್ಕೆ ಎರಡು ಮಿ.ಮೀ. ಮುಂಚೆಯೇ ನಿಲ್ಲುವ ಹಾಗೆ.

ಕಪ್ಪು

ಜೂನಿನಲ್ಲಿ ಬಣ್ಣಕ್ಕೆ ಮತ್ತೆ ಶೆಡ್ಡಿಗೆ. ನಾನು ಕೆಡಿಸಿದ ಜಾಗ, ಮತ್ತು ಬಿರುಕಿನ ಪಕ್ಕ ಕಪ್ಪು ಎದ್ದುಹೋಗಿದ್ದ ಮೂರು ಸೆಂ.ಮೀ.

ಈ ಗೆರೆಗೆ ಫಾರ್ಮ್‌ಲೈನ್ ಅನ್ನುತ್ತಾರೆ. 1965ರಲ್ಲಿ ಬಿಲ್ ಹೋಮ್ ಎಂಬ ವಿದ್ವಾಂಸ ಇಟ್ಟ ಹೆಸರು. ಇದು ಬಾಹ್ಯರೇಖೆಯಲ್ಲ. ದಪ್ಪವಾಗುತ್ತ ತೆಳ್ಳಗಾಗುತ್ತ ಎಲ್ಲೂ ಕಡಿಯದೆ ಮೈತುಂಬ ಹರಿದು, ಸಂದಿಗಳಲ್ಲಿ ಕವಲೊಡೆದು, ಪ್ರಾಣಿಯ ಅಂಗಾಂಗ ತಾನೇ ಆಗುತ್ತದೆ. ಮೂಲೆ ದುಂಡಾದ, ಕೆಳಗೆ ತುಸು ಒಳಬಾಗಿದ ಮೊಟ್ಟೆಯಾಕಾರ ಕಣ್ಣಿಗೂ ಮೈಯ ಕೀಲುಗಳಿಗೂ ಬರುತ್ತದೆ. ಎರಡು ಗೆರೆ ಕೂಡುವಲ್ಲಿ ಕಪ್ಪು ಜಾಸ್ತಿ ಜಮೆಯಾಗಿ ಭಾರವಾಗದಿರಲಿ ಅಂತ ಅಲ್ಲೊಂದು ಸಣ್ಣ ತ್ರಿಕೋನ ತೆರವು ಬಿಡುತ್ತಾರೆ. ನನ್ನ ಬಿರುಕು ಅಂಥ ಒಂದು ತ್ರಿಕೋನದ ಮೂತಿಯನ್ನೇ ಕಿತ್ತಿತ್ತು. ನಾನೇ ತೀಡಿದ್ದರೆ ಅದನ್ನು ಕಲೆ ಅಂದುಕೊಂಡು ಕಪ್ಪು ತುಂಬಿಬಿಡುತ್ತಿದ್ದೆ, ಖಂಡಿತ.

ಅವರು ಮಾತಾಡುತ್ತಲೇ ಕಪ್ಪು ಬೆರೆಸಿದರು. ಬಾಟಲಿಯ ಕಪ್ಪಿಗೆ ಚಿಟಿಕೆ ಕೆಂಪು, ನೀರು ಒಂದು ಹನಿ, ಹಲಗೆಯ ಅಂಚಿಗೆ ಒಂದು ಚುಕ್ಕೆ ಹಚ್ಚಿ ಒಣಗಲು ಬಿಟ್ಟು ಟೀ ಕುಡಿದರು. ಒಣಗಿದ ಚುಕ್ಕೆ ಹಳೇ ಕಪ್ಪಿಗಿಂತ ಹೊಳೆಯಿತು. ಮತ್ತೆ ಬೆರೆಸಿದರು. ಮೂರನೇ ಚುಕ್ಕೆ ಎಲ್ಲಿದೆ ಅಂತ ನನಗೆ ಹುಡುಕಲಾಗಲಿಲ್ಲ. ಆಮೇಲೆ ಉದ್ದ ಕೂದಲಿನ ಕುಂಚ, ಕಿರುಬೆರಳು ಮರದ ಮೇಲೆ ಊರಿ, ಗೆರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಒಂದೇ ಎಳೆತ. ತ್ರಿಕೋನದ ಮೂತಿ ಬಂದ ಕೂಡಲೇ ಕುಂಚ ಎತ್ತಿದ್ದು ನನಗೆ ಕಾಣಲೇ ಇಲ್ಲ, ಮೂತಿ ಮಾತ್ರ ಚೂಪಾಗಿ ಉಳಿದಿತ್ತು. ಕೆಂಪಿನ ಮೇಲೆ ಹಾದ ಬಿರುಕಿನ ಗೆರೆಯನ್ನು ಮುಟ್ಟಲಿಲ್ಲ. ಅದು ಇರಲಿ ಅಂದರು. ಎಷ್ಟು ಕೊಡಲಿ ಅಂತ ಕೇಳಿದೆ, ಹೇಳಿದರು, ಕೊಟ್ಟೆ.

ತೂಗುಹಾಕಿದ್ದು

ಈ ಸಲ ಅಡ್ಡಪಟ್ಟಿ ಇಲ್ಲ. 40 ಸೆಂ.ಮೀ. ಉದ್ದದ ಸೀಡರ್ ಪಟ್ಟಿಯ ಒಂದಂಚನ್ನು 45 ಡಿಗ್ರಿ ಓರೆ ಕೊಯ್ದು, ಹಲಗೆಯ ಎಳೆಗುಂಟವೇ, ಮೇಲಂಚಿಗೆ ಹತ್ತಿರ, ಮೂರು ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಕೂರಿಸಿದೆ. ಅಂಟಿಲ್ಲ. ಗೋಡೆಗೆ ಅದರ ಜೋಡಿ. ಒಂದರ ಮೇಲೊಂದು ಕೂತುಕೊಳ್ಳುತ್ತದೆ, ಕೆಳಗೆ ಅಗಲಕ್ಕೆ ಹಲಗೆ ಹೇಗೆ ಬೇಕಾದರೂ ಆಡಿಕೊಳ್ಳಲಿ. ಗೋಡೆಗೂ ಹಲಗೆಗೂ ನಡುವೆ ಎರಡು ಸೆಂ.ಮೀ. ಗಾಳಿ. ಸ್ವಲ್ಪ ಬಾಗಿದೆ, ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ, ನನಗೇನೂ ತಕರಾರಿಲ್ಲ.

ಪಟ್ಟಿಯ ಒಳಮೈಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ಯಾವ ತಿಂಗಳು, ಯಾವ ಅಂಟು, ಬಿಡಿಸಲು ಬೆಚ್ಚಗಿನ ನೀರು ಸಾಕು, ಕಪ್ಪು ತೀಡಿದ್ದು ಕೆತ್ತಿದವರೇ. ಬರೆದದ್ದು ನಾನು ಹಾಕಿದ ಪಟ್ಟಿಯ ಮೇಲೆ, ಅವರ ಹಲಗೆಯ ಮೇಲಲ್ಲ.

ಈ ಜನವರಿಯಲ್ಲಿ ಇಲ್ಲೂ ಒಂದು ವಾರ ಕೊರೆಯುವ ಚಳಿ ಬಿತ್ತು, ಹೀಟರ್ ಹಗಲುರಾತ್ರಿ ಓಡಿತು, ಮೀಟರ್ ಶೇ 33ಕ್ಕೆ ಇಳಿಯಿತು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಬಾಲದ ತುದಿಯಲ್ಲಿ ಅತಿ ತೆಳುವಾದ 0.05ರ ಗೇಜ್ ಕೂಡ ಒಳಗೆ ಹೋಗಲಿಲ್ಲ.